ಮೂರನೇ ಸಾಕ್ಷಿಯ ಹೆಸರು

ಹೋದ ತಿಂಗಳು ಹೊನ್ನಾಳಿಯ ಅಂಚೆ ಕಚೇರಿಗೆ ಹೋಗಿದ್ದೆ. ನಾನಿನ್ನೂ ಬದುಕಿದ್ದೇನೆ ಅಂತ ಪಿಂಚಣಿಯವರು ವರ್ಷಕ್ಕೊಮ್ಮೆ ಬೆರಳೊತ್ತಿ ಹೇಳಬೇಕಲ್ಲ, ಆ ಕೆಲಸಕ್ಕೆ. ಸಾಲಿನಲ್ಲಿ ನನ್ನ ಮುಂದಿದ್ದವರು ವಿಮೆ ಮಾಡಿಸಿದ ಪಾರ್ಸೆಲ್ ಒಂದಕ್ಕೆ ಅರಗಿನ ಮುದ್ರೆ ಹಾಕುತ್ತಿದ್ದರು. ಮೇಣದಬತ್ತಿಯ ಉರಿಗೆ ಹಿಡಿದ ಕೆಂಪು ಕಡ್ಡಿ ಕರಗಿ, ಬಟ್ಟೆಯ ಹೊಲಿಗೆಯ ಮೇಲೆ ತೊಟ್ಟಿಕ್ಕಿ, ಸಣ್ಣಗೆ ಹೊಗೆಯಾಡಿತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಸಾಲು ಬಿಟ್ಟು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟೆ.

"ಯಾಕಜ್ಜಿ, ತಲೆ ತಿರುಗ್ತೈತಾ?" ಅಂತ ಹಿಂದಿದ್ದ ಹುಡುಗಿಯೊಬ್ಬಳು ಕೇಳಿದಳು.

"ಇಲ್ಲಮ್ಮ" ಅಂದೆ. ತಲೆ ತಿರುಗಿರಲಿಲ್ಲ. ಒಂದು ವರ್ಷ ನೆನಪಾಗಿತ್ತು.

ನಾನು ಕಂದಾಯ ಇಲಾಖೆಯಲ್ಲಿ ಪ್ರಥಮ ದರ್ಜೆ ಸಹಾಯಕಿಯಾಗಿದ್ದೆ. ಇಡೀ ಸರ್ವಿಸಿನಲ್ಲಿ ಒಂದೂ ಮೆಮೊ ತಗೊಂಡವಳಲ್ಲ. "ಗಿರಿಜಮ್ನೋರ ಫೈಲಿನಾಗೆ ತಪ್ಪು ಹುಡುಕಾಕೆ ಭೂತಗನ್ನಡಿ ಬೇಕು" ಅಂತ ಕಚೇರಿಯವರು ನಗುತ್ತಿದ್ದರು. ಆ ನಗು ನನಗೆ ಹಿತವಾಗಿತ್ತು. ನಿವೃತ್ತಿಗೆ ಇನ್ನು ಕೆಲವೇ ವರ್ಷ ಉಳಿದಿದ್ದಾಗ ಒಂದು ಆದೇಶ ಬಂತು. ಪೊಲೀಸರ ಮೇಲಿನ ದೂರುಗಳನ್ನು ಪೊಲೀಸರೇ ವಿಚಾರಿಸಿದರೆ ಜನಕ್ಕೆ ನಂಬಿಕೆ ಬರುವುದಿಲ್ಲ, ಅದನ್ನು ಆಡಳಿತ ಸೇವೆಯ ಅಧಿಕಾರಿಯೊಬ್ಬರು ಕೇಳಬೇಕು, ಠಾಣೆಯ ಪುಸ್ತಕಗಳನ್ನು ತರಿಸಿ ನೋಡಬೇಕು, ವರದಿ ಕೊಡಬೇಕು ಎಂದು. ದೊಡ್ಡ ನಗರಗಳ ಪೊಲೀಸರಿಗೆಂದು ಹುಟ್ಟಿದ ಯೋಚನೆಯಂತೆ. ದೊಡ್ಡ ಕಡೆ ಕೈ ಹಾಕುವ ಮುಂಚೆ ಸಣ್ಣ ಕಡೆ ನೋಡೋಣ ಅಂತ ಯಾರಿಗೋ ಅನ್ನಿಸಿರಬೇಕು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ಪಟ್ಟಣಗಳನ್ನು ಒಂದು ವರ್ಷದ ಮಟ್ಟಿಗೆ ಆರಿಸಿದರು. ಅಧಿಕಾರಿಯಾಗಿ ವಿರೂಪಾಕ್ಷಯ್ಯ ಸಾಹೇಬರು ಬಂದರು. ಬರೆಯಲಿಕ್ಕೆ ನಾನು.

ಸಾಹೇಬರು ಬಳ್ಳಾರಿ ಕಡೆಯವರು. ಎತ್ತರದ ಆಳು, ಮೆತ್ತಗಿನ ಮಾತು. ಒಂದು ಕಣ್ಣಿಗೆ ಪೊರೆ ಬಂದಿತ್ತು, ಕಾಗದ ಓದುವಾಗ ತಲೆ ವಾರೆ ಮಾಡುತ್ತಿದ್ದರು. ಮೊದಲ ದಿನವೇ ನನಗೆ ಒಂದು ಮಾತು ಹೇಳಿದರು. "ಗಿರಿಜಮ್ನೋರೆ, ಬಂದವರು ಹೆಂಗೆ ಹೇಳ್ತಾರೋ ಹಂಗೇ ಬರ್ಕೊಳ್ರಿ. 'ಬೂಟುಗಾಲಿಂದ ಒದ್ರು' ಅಂದ್ರೆ 'ಅನುಚಿತವಾಗಿ ವರ್ತಿಸಿದರು' ಅಂತ ಮಾಡಬೇಡ್ರಿ." ನನಗೆ ಒಳಗೇ ಸಿಟ್ಟು ಬಂತು. ಅಷ್ಟು ವರ್ಷ ನಾನು ಮಾಡಿಕೊಂಡು ಬಂದದ್ದೇ ಅದನ್ನು.

ಮುಂಗಾರಿನ ಮೊದಲ ವಾರ ಶುರು ಮಾಡಿದೆವು. ಸೋಮವಾರ ಚನ್ನಗಿರಿ, ಮಂಗಳವಾರ ಹೊನ್ನಾಳಿ, ಬುಧವಾರ ನ್ಯಾಮತಿ, ಗುರುವಾರ ಜಗಳೂರು. ಹೊನ್ನಾಳಿಯಲ್ಲಿ ಹೊಳೆ ತುಂಬಿ ಕೆಂಪಗೆ ಹರಿಯುತ್ತಿದ್ದರೆ, ಎರಡು ದಿನ ಬಿಟ್ಟು ಜಗಳೂರಿಗೆ ಹೋದಾಗ ಮೋಡ ಬರೀ ನೆರಳು ಹಾಸಿ ಮುಂದಕ್ಕೆ ಹೋಗುತ್ತಿತ್ತು. ನ್ಯಾಮತಿ ಆಗಿನ್ನೂ ಹೊಸ ತಾಲ್ಲೂಕು. ನಮಗೆ ಸಿಕ್ಕಿದ್ದು ಗೊಬ್ಬರದಂಗಡಿಯ ಮೇಲಿನ ಬಾಡಿಗೆ ಕೋಣೆ. ಯೂರಿಯಾ ಮೂಟೆ ಇಳಿಸುವ ಹಮಾಲರ ಕೂಗಿನ ನಡುವೆ ಹೇಳಿಕೆ ಬರೆದುಕೊಳ್ಳಬೇಕಿತ್ತು.

ಮೊದಮೊದಲು ಬಂದವರಿಗೆ ನಾವು ಯಾರು ಅಂತಲೇ ಗೊತ್ತಿರಲಿಲ್ಲ. ಗೋವಿನಕೋವಿಯ ಮುದುಕರೊಬ್ಬರು ಪಹಣಿಯಲ್ಲಿ ಹೆಸರು ತಪ್ಪಾಗಿದೆ ಅಂತ ಮೂರು ವಾರ ಬಿಡದೆ ಬಂದರು. ಉಬ್ರಾಣಿಯ ಒಬ್ಬ ಹೆಲ್ಮೆಟ್ಟಿನ ದಂಡ ವಾಪಸ್ ಕೊಡಿಸಿ ಅಂದ. ಶ್ರಾವಣದ ಹೊತ್ತಿಗೆ ಮಾತು ಹರಡಿತು. ಠಾಣೆಯಲ್ಲಿ ದೂರು ತಗೊಳ್ಳದೆ ವಾಪಸ್ ಕಳಿಸಿದ್ದು, ಹೆಣ್ಣುಮಕ್ಕಳನ್ನು ಸಂಜೆತನಕ ಬೆಂಚಿನ ಮೇಲೆ ಕೂರಿಸಿದ್ದು, ಇಂಥವು ಬರತೊಡಗಿದವು. ಸಾಹೇಬರು ಠಾಣೆಗೆ ಹೋಗಿ ಪುಸ್ತಕ ತೆಗೆಸಿ ನೋಡುವರು. ಅಲ್ಲಿನವರು ಎದ್ದು ನಿಂತು ಸಲ್ಯೂಟ್ ಹೊಡೆಯುತ್ತಿದ್ದರು, ಆದರೆ ಪುಸ್ತಕ ಕೊಡುವಾಗ ಮುಖ ಬೇರೆ ಕಡೆ ತಿರುಗಿರುತ್ತಿತ್ತು. ಎರಡು ಮೂರು ಕಡೆ ಕೆಲಸವೂ ಆಯಿತು. ದೂರು ದಾಖಲಾಯಿತು, ಒಬ್ಬರು ಕ್ಷಮೆ ಕೇಳಿದರು. ವಾಪಸ್ ಬರುವಾಗ ಜೀಪಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು ತಿನ್ನುತ್ತಿದ್ದೆವು. ಸರ್ಕಾರಿ ಕೆಲಸ ಮಾಡಿ ಅಷ್ಟು ಹಗುರಾಗಿ ಮನೆಗೆ ಹೋದ ದಿನಗಳು ನನಗೆ ಬೇರೆ ಇಲ್ಲ.

ಹಾಲಮ್ಮ ಬಂದದ್ದು ದಸರಾ ಮುಗಿದ ವಾರ. ಅವಳ ಊರು ನಾಲ್ಕರಲ್ಲಿ ಯಾವುದು ಅಂತ ನಾನು ಬರೆಯುವುದಿಲ್ಲ. ಬಸ್ ನಿಲ್ದಾಣದ ಹಿಂದೆ ಹೊಲಿಗೆ ಅಂಗಡಿ ಇಟ್ಟುಕೊಂಡವಳು. ಗಂಡ ಪರಶುರಾಮ ಲಗೇಜ್ ಆಟೋ ಓಡಿಸುತ್ತಿದ್ದ. ಬೈಕ್ ಕಳುವಿನ ಗುಮಾನಿಯಲ್ಲಿ ಅವನನ್ನು ಠಾಣೆಗೆ ಕರೆದುಕೊಂಡು ಹೋಗಿ ಎರಡು ದಿನ ಇಟ್ಟುಕೊಂಡಿದ್ದರು. ಬಿಟ್ಟಾಗ ಎಡಗಿವಿಯಲ್ಲಿ ರಕ್ತ ಇತ್ತು. ಕಳ್ಳ ಬೇರೆಯವನು, ಆಮೇಲೆ ಸಿಕ್ಕಿದ. ಆದರೆ ಠಾಣೆಯ ಪುಸ್ತಕದ ಪ್ರಕಾರ ಪರಶುರಾಮ ಆ ಎರಡು ದಿನ ಅಲ್ಲಿಗೆ ಬಂದೇ ಇರಲಿಲ್ಲ.

"ಎಲ್ಲಾದ್ರೂ ಕುಡಿದು ಬಿದ್ದಿರ್ತಾನೆ, ಅಲ್ಲೇ ಪೆಟ್ಟಾಗೈತೆ ಅಂತಾರೆ ಅಕ್ಕ" ಅಂದಳು ಹಾಲಮ್ಮ. "ನಮ್ಮತ್ತೇನೂ ಹಂಗೇ ಅಂತಾಳೆ. ಇವ್ರು ಜನ್ಮದಾಗೆ ಕುಡಿದೋರಲ್ಲ. ನಂಗೆ ದುಡ್ಡು ಬ್ಯಾಡ, ಯಾರನ್ನೂ ಕೆಲಸದಿಂದ ತೆಗಿಯೋದೂ ಬ್ಯಾಡ. ಇವ್ರು ಅಲ್ಲಿದ್ರು ಅಂತ ಒಂದು ಕಾಗದದಾಗೆ ಬರ್ಕೊಡ್ರಿ."

ಪಕ್ಕದಲ್ಲಿ ಪರಶುರಾಮ ಬಲಗಿವಿಯನ್ನು ನಮ್ಮ ಕಡೆ ತಿರುಗಿಸಿಕೊಂಡು ಕೂತಿದ್ದ. ಸಾಹೇಬರು ಏನು ಕೇಳಿದರೂ ಮೊದಲು ಹೆಂಡತಿಯ ಮುಖ ನೋಡುತ್ತಿದ್ದ.

ಅವರಿಬ್ಬರ ಹೇಳಿಕೆ ಬರೆದುಕೊಂಡೆ. ಅವು ಸಾಕ್ಷಿ ಒಂದು, ಸಾಕ್ಷಿ ಎರಡು. ಆದರೆ ನೊಂದವರ ಮಾತಿಗೆ ತೂಕ ಎಲ್ಲಿಂದ ಬರಬೇಕು? ಸಬ್ ಇನ್ಸ್‌ಪೆಕ್ಟರು ಪುಸ್ತಕ ತಂದು ಮೇಜಿನ ಮೇಲಿಟ್ಟು, "ಎಲ್ಲೈತೆ ತೋರಿಸ್ರಿ ಸಾರ್" ಅಂದರು. ಎಲ್ಲೂ ಇರಲಿಲ್ಲ. ವಾರಗಳು ಹೋದವು. ಮೆಕ್ಕೆಜೋಳದ ಸುಗ್ಗಿ ಬಂತು. ಜಗಳೂರಿನ ರಸ್ತೆಯ ಅರ್ಧಕ್ಕೆ ಜೋಳ ಹರವಿ, ಅಂಚಿಗೆ ಕಲ್ಲಿಟ್ಟಿರುತ್ತಿದ್ದರು. ನಮ್ಮ ಜೀಪು ಉಳಿದರ್ಧದಲ್ಲಿ ಆಮೆಯ ಹಾಗೆ ಹೋಗುತ್ತಿತ್ತು.

ಅಂಥದೊಂದು ಗುರುವಾರ ಮಧ್ಯಾಹ್ನ ಜಗಳೂರಿನಲ್ಲಿ ಜನ ಎಲ್ಲ ಹೋದ ಮೇಲೆ, ಹೆಗಲಿಗೆ ಟವೆಲ್ ಹಾಕಿಕೊಂಡ ಐವತ್ತರ ಮೇಲಿನ ಒಬ್ಬರು ಬಾಗಿಲಲ್ಲಿ ನಿಂತರು. "ಪಹಣಿ ವಿಚಾರಕ್ಕೆ ಬಂದೋನು ಅಂತ ಹೊರಗೆ ಹೇಳೀನಿ ಮೇಡಂ. ಬಾಗ್ಲು ಹಾಕ್ಬೋದಾ?" ಅಂದರು. ಸಾಹೇಬರು ತಲೆ ಆಡಿಸಿದರು. ಬಾಗಿಲು ಹಾಕಿದೆ.

ಅವರು ಹೆಡ್ ಕಾನ್ಸ್‌ಟೇಬಲ್ ಕೊಟ್ರಪ್ಪ. ಊರು ಜಗಳೂರಿನ ಹತ್ತಿರ, ಕೆಲಸ ಹಾಲಮ್ಮನ ಪಟ್ಟಣದ ಠಾಣೆಯಲ್ಲಿ. ಅಲ್ಲಿ ಅವರು ರೈಟರ್. ಠಾಣೆಗೆ ಯಾರು ಬಂದರು, ಯಾರು ಹೋದರು ಎಂದು ಬರೆಯುವವರು.

"ಅವ್ನು ಎರಡು ದಿನ ಅಲ್ಲೇ ಇದ್ದ ಸಾರ್" ಅಂದರು. "ಸೋಮವಾರ ಮಧ್ಯಾಹ್ನ ಕರ್ಕೊಂಡು ಬಂದ್ರು. ಬುಧವಾರ ಬೆಳಿಗ್ಗೆ ಬಿಟ್ರು. ಪುಸ್ತಕ ನನ್ನ ಮುಂದೇನೇ ಇತ್ತು. ಬರೀಬ್ಯಾಡ ಅಂದ್ರು. ಬರೀಲಿಲ್ಲ."

"ಹೊಡೆದದ್ದು ನೋಡಿದಿರೇನು?"

"ನೋಡ್ಲಿಲ್ಲ ಸಾರ್. ಕೇಳಿಸ್ತು. ನಾನು ಪೆನ್ನು ಹಿಡ್ಕೊಂಡು ಕೂತಿದ್ದೆ." ನನ್ನ ಕಡೆ ತಿರುಗಿದರು. "ನೀವೂ ಬರೆಯೋರೇ ಮೇಡಂ. ನಿಮಗೆ ಗೊತ್ತಾಗ್ತೈತೆ. ಆ ಎರಡು ದಿನದ ಹಾಳೆ ಕಂಡ್ರೆ ನಂಗೆ ಈಗ್ಲೂ ಊಟ ಸೇರಲ್ಲ."

ನನಗೆ ಗೊತ್ತಾಯಿತು ಅಂತಲೇ ಆವತ್ತು ಅಂದುಕೊಂಡೆ.

ಹೇಳಿಕೆಗೆ ಸಹಿ ಹಾಕುವ ಮುಂಚೆ ಅವರ ಕೈ ನಿಂತಿತು. "ನನ್ನ ಹೆಸರು ಹೊರಗೆ ಬಂದ್ರೆ ನಾನು ಉಳಿಯಾಕಿಲ್ಲ ಸಾರ್. ಇಬ್ರು ಹೆಣ್ಮಕ್ಳು ಓದ್ತಾ ಅದಾರೆ."

"ಬರಲ್ಲ ಕೊಟ್ರಪ್ಪ. ಅದು ನನ್ನ ಮಾತು" ಅಂದರು ಸಾಹೇಬರು.

ಆ ಹೇಳಿಕೆಯನ್ನು ಲಕೋಟೆಗೆ ಹಾಕಿ, ಸಾಹೇಬರ ಎದುರೇ ಅರಗು ಕರಗಿಸಿ ಮುದ್ರೆ ಒತ್ತಿದವಳು ನಾನು. ವರದಿಯಲ್ಲಿ 'ಸಾಕ್ಷಿ ಮೂರು' ಅಂತಷ್ಟೇ ಇತ್ತು. ಪರಶುರಾಮ ಆ ಎರಡು ದಿನ ಠಾಣೆಯಲ್ಲಿದ್ದದ್ದು ನಿಜ ಎಂದು ಸಾಹೇಬರು ಸ್ಪಷ್ಟವಾಗಿ ಬರೆದು, ಸಂಕ್ರಾಂತಿಗೆ ಮುಂಚೆ ಮೇಲಕ್ಕೆ ಕಳಿಸಿದರು. ಒಂದು ಪ್ರತಿ ಪೊಲೀಸ್ ಮೇಲಧಿಕಾರಿಗಳ ಕಚೇರಿಗೂ ಹೋಯಿತು. ಆಮೇಲೆ ಅವರು ಕಣ್ಣಿನ ಆಪರೇಷನ್ನಿಗೆ ಅಂತ ಹದಿನೈದು ದಿನ ರಜೆ ಹಾಕಿ ಊರಿಗೆ ಹೋದರು.

ಅವರು ಹೋದ ನಾಲ್ಕನೇ ದಿನ ಆ ಪೊಲೀಸ್ ಕಚೇರಿಯಿಂದ ಒಂದು ಪತ್ರ ಬಂತು. ನಮ್ಮ ವರದಿಯ ಅನುಬಂಧಗಳು ಅಪೂರ್ಣವಾಗಿವೆ, ಸಾಕ್ಷಿ ಮೂರರ ಹೇಳಿಕೆಯ ಪ್ರತಿ ಇಲ್ಲ, ಮೂರು ದಿನದೊಳಗೆ ಕಳಿಸದಿದ್ದರೆ ವರದಿಯನ್ನು ಪರಿಗಣಿಸಲಾಗದು.

ಅಪೂರ್ಣ. ನನ್ನ ಫೈಲಿಗೆ ಯಾರೂ ಆ ಮಾತು ಅಂದಿರಲಿಲ್ಲ. ಪತ್ರವನ್ನು ಎರಡು ಸಲ ಓದಿದೆ. ಸಾಹೇಬರಿಗೆ ಫೋನ್ ಮಾಡಿದೆ. ಅವರ ಮಗಳು ಎತ್ತಿ, "ಅಪ್ಪಾಜಿ ಮಲಗ್ಯಾರ್ರಿ, ಡಾಕ್ಟ್ರು ಮಾತಾಡಿಸಬೇಡ್ರಿ ಅಂದಾರ. ನಾಳೆ ಸಂಜಿಗೆ ಮಾಡ್ರಿ" ಅಂದಳು. ನಾಳೆ ಸಂಜೆತನಕ ಕಾದರೂ ಗಡುವು ಮೀರುತ್ತಿರಲಿಲ್ಲ. ಮೂರು ದಿನದಲ್ಲಿ ಒಂದೇ ದಿನ ಕಳೆದಿತ್ತು.

ನಾನು ಕಾಯಲಿಲ್ಲ. ಮರುದಿನ ಬೆಳಿಗ್ಗೆ ಕಚೇರಿಗೆ ಹೋದವಳೇ ಬೀರು ತೆಗೆದು, ಮುದ್ರೆ ಒಡೆದು, ಹೇಳಿಕೆಯ ಜೆರಾಕ್ಸ್ ಮಾಡಿಸಿ, 'ಗೋಪ್ಯ' ಅಂತ ಕೆಂಪು ಶಾಯಿಯಲ್ಲಿ ಬರೆದು ಕಳಿಸಿಬಿಟ್ಟೆ. ಮೂಲವನ್ನು ಹೊಸ ಲಕೋಟೆಗೆ ಹಾಕಿ ಮತ್ತೆ ಅರಗು ಹಾಕಿದೆ. ಎದುರು ಪಕ್ಷದವರಿಗೆ ಹೇಳಿಕೆಯ ಪ್ರತಿ ಕೊಡುವುದು ನಿಯಮ ಅಂತ ನನಗೆ ನಾನೇ ಹೇಳಿಕೊಂಡೆ. ವರದಿ ಬಿದ್ದುಹೋದರೆ ಹಾಲಮ್ಮನ ಗತಿ ಏನು ಅಂತಲೂ ಹೇಳಿಕೊಂಡೆ. ಅದು ಸುಳ್ಳಲ್ಲ, ಹಾಲಮ್ಮ ನಿಜವಾಗಿ ಕಣ್ಣ ಮುಂದಿದ್ದಳು. ಆದರೆ ಅವಳಿಗಿಂತ ಮುಂದೆ 'ಅಪೂರ್ಣ' ಅನ್ನುವ ಆ ಮಾತು ಇತ್ತು. ಇಷ್ಟು ವರ್ಷವಾದ ಮೇಲೆ ಇದನ್ನು ಮುಚ್ಚಿಟ್ಟು ನನಗೆ ಆಗಬೇಕಾದದ್ದು ಏನೂ ಇಲ್ಲ.

ಸಾಹೇಬರು ಕಪ್ಪು ಕನ್ನಡಕ ಹಾಕಿಕೊಂಡು ವಾಪಸ್ ಬರುವಷ್ಟರಲ್ಲಿ ಕೊಟ್ರಪ್ಪ ಅಮಾನತ್ತಾಗಿದ್ದರು. ಕಾರಣ ಕೇಳಿದರೆ ಯಾರೂ ಎದುರು ಮಾತಾಡುವ ಹಾಗಿರಲಿಲ್ಲ. ಠಾಣೆಗೆ ಕರೆತಂದವನ ವಿವರವನ್ನು ಪುಸ್ತಕದಲ್ಲಿ ಬರೆಯುವುದು ರೈಟರ ಕರ್ತವ್ಯ, ತಾನು ಬರೆಯಲಿಲ್ಲ ಎಂದು ಈತನೇ ಸಹಿ ಹಾಕಿ ಒಪ್ಪಿಕೊಂಡಿದ್ದಾನೆ. ನಾನು ಕಳಿಸಿದ ಹಾಳೆಯೇ ಅವರ ಮೇಲಿನ ಆಧಾರ. ಬರೀಬೇಡ ಅಂದವರಿಗೆ ಬರೀ ವರ್ಗಾವಣೆ ಆಯಿತು.

ಸಾಹೇಬರು ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿಸಿದರು. ಬೈಯಲಿಲ್ಲ. ನಮ್ಮ ಘಟಕವನ್ನು ಮಾಡಿದ ಆ ಮೊದಲ ಆದೇಶವನ್ನು ತೆಗೆಸಿ, ಕೊನೆಯ ಪುಟಕ್ಕೆ ತಿರುಗಿಸಿ, ಒಂದು ಕಂಡಿಕೆಯ ಮೇಲೆ ಬೆರಳಿಟ್ಟರು. ಅಗತ್ಯ ಕಂಡಲ್ಲಿ ಸಾಕ್ಷಿಯ ಹೆಸರನ್ನೂ ಹೇಳಿಕೆಯನ್ನೂ ವಿಚಾರಣಾಧಿಕಾರಿ ತಡೆಹಿಡಿಯಬಹುದು ಎಂದಿತ್ತು. ಅದನ್ನು ಫೈಲಿಗೆ ಹಾಕಿ, ಪುಟಸಂಖ್ಯೆ ಬರೆದು, ದಾರ ಕಟ್ಟಿದವಳು ನಾನೇ.

"ಕಳಿಸೋ ಮುಂಚೆ ಇದನ್ನ ಓದಿದ್ರೇನು?"

"ಇಲ್ಲ ಸಾರ್."

"ಕೊಟ್ರಪ್ಪನ ಹೇಳಿಕೆ?"

"ಓದಿದೆ ಸಾರ್."

ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಆಪರೇಷನ್ ಆದ ಕಣ್ಣು, ನೀರು ಬರುತ್ತಿತ್ತು. ಮೇಲಿನಿಂದ ವಿವರಣೆ ಕೇಳಿ ಪತ್ರ ಬಂದಿತ್ತು. 'ಮುಚ್ಚಿದ ಲಕೋಟೆಯ ದಾಖಲೆ ಬಹಿರಂಗವಾದದ್ದಕ್ಕೆ ನಾನೇ ಹೊಣೆ' ಎಂದು ನನ್ನೆದುರೇ ಕೈಯಾರೆ ಬರೆದು ಸಹಿ ಹಾಕಿದರು. "ನಾ ಮಾತು ಕೊಟ್ಟವ. ಕಾಯಬೇಕಾದವನೂ ನಾನೇ" ಅಂದರು.

ಆಗ ನಾನು, ಬೇಡ ಸಾರ್, ನನ್ನ ಹೆಸರು ಬರೀರಿ ಅನ್ನಬೇಕಿತ್ತು. ಬಾಯಿ ತೆರೆದೆ ಕೂಡ. "ಡಿಸ್ಪ್ಯಾಚಿಗೆ ಕೊಡಲಾ ಸಾರ್?" ಅಂತ ಕೇಳಿದೆ.

ಆಮೇಲೆ ಬಂದ ಸೋಮವಾರ ಚನ್ನಗಿರಿಯಲ್ಲಿ ಬೆಂಚುಗಳು ಖಾಲಿ ಇದ್ದವು. ಅದರ ಮುಂದಿನ ಸೋಮವಾರವೂ. ನ್ಯಾಮತಿಯಲ್ಲಿ ಹಮಾಲರ ಕೂಗು ಬಿಟ್ಟರೆ ಬೇರೆ ಸದ್ದಿಲ್ಲ. ರೈಟರ್ ಒಬ್ಬರಿಗೆ ಆದದ್ದು ನಾಲ್ಕು ಊರಿಗೂ ಗೊತ್ತಾಗಿತ್ತು. ದೂರು ಕೊಡಲು ಬರುತ್ತಿದ್ದವರು ರಸ್ತೆಯಲ್ಲಿ ಸಿಕ್ಕರೆ, "ಆಮ್ಯಾಲೆ ಬರ್ತೀವ್ರಿ" ಅನ್ನುತ್ತಿದ್ದರು. ಸಾಹೇಬರು ಆದರೂ ತಪ್ಪದೆ ಬಂದು, ಹತ್ತರಿಂದ ಐದರವರೆಗೆ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಫ್ಯಾನು ತಿರುಗುತ್ತಿತ್ತು. ಯುಗಾದಿ ಕಳೆದ ಮೇಲೆ, 'ಸಾರ್ವಜನಿಕರಿಂದ ನಿರೀಕ್ಷಿತ ಸ್ಪಂದನೆ ಇಲ್ಲದ ಕಾರಣ' ಘಟಕವನ್ನು ಮುಂದುವರಿಸುವುದಿಲ್ಲ ಅಂತ ಆದೇಶ ಬಂತು. ದೊಡ್ಡ ನಗರಗಳ ಮಾತನ್ನು ಆಮೇಲೆ ಯಾರೂ ಎತ್ತಿದ್ದು ನಾನು ಕೇಳಲಿಲ್ಲ.

ಹಾಲಮ್ಮನಿಗೆ ಅವಳ ಕಾಗದ ಸಿಕ್ಕಿತು. ಅದನ್ನು ಲ್ಯಾಮಿನೇಷನ್ ಮಾಡಿಸಿ ಹೊಲಿಗೆ ಮಿಷನ್ನಿನ ಮೇಲೆ ಗೋಡೆಗೆ ಹಾಕಿದ್ದಳು. "ನಮ್ಮತ್ತೆ ಬಾಯಿ ಮುಚ್ಚಿದ್ಲು ನೋಡ್ರಿ ಅಕ್ಕ" ಅಂತ ನಕ್ಕು, ನನ್ನ ಕೈ ಹಿಡಿದು, ಒಂದು ರವಿಕೆ ಬಿಟ್ಟಿ ಹೊಲಿದುಕೊಡ್ತೀನಿ ಅಂತ ಹಟ ಮಾಡಿದಳು. ಸಾಕ್ಷಿ ಮೂರು ಯಾರು ಅಂತ ಅವಳು ಕೇಳಲಿಲ್ಲ.

ಆ ಬೇಸಿಗೆಯಲ್ಲಿ ಒಂದು ಭಾನುವಾರ ನಾನು ಕೊಟ್ರಪ್ಪನವರ ಮನೆಗೆ ಹೋದೆ. ಹೇಳಿಬಿಡಬೇಕು ಅಂತಲೇ ಹೋದದ್ದು. ಬಿಸಿಗಾಳಿಗೆ ಬಾಗಿಲ ಚಿಲಕ ತಾನೇ ಬಡಿದುಕೊಳ್ಳುತ್ತಿತ್ತು. ಅವರ ಹೆಂಡತಿ ಮಜ್ಜಿಗೆ ಕೊಟ್ಟು, ಒಳಗೆ ಹೋಗಿ ಮತ್ತೆ ಹೊರಗೆ ಬರಲಿಲ್ಲ.

"ನೀವಾದ್ರೂ ಬಂದ್ರಲ್ಲ ಮೇಡಂ" ಅಂದರು ಕೊಟ್ರಪ್ಪ. "ಆ ಸಾಹೇಬ್ರು ನೋಡ್ರಿ, ಮಾತು ಕೊಟ್ಟು ಹಿಂಗೆ ಮಾಡಿದ್ರು. ಅವ್ರೇ ಕಳಿಸಿದ್ದಂತೆ, ಅವ್ರೇ ಬರ್ಕೊಟ್ಟವ್ರಂತೆ ನಾನೇ ಹೊಣೆ ಅಂತ. ದೊಡ್ಡೋರು ದೊಡ್ಡೋರ ಕಡೀಗೇ ಹೋಗ್ತಾರೆ. ನಂಬಿದ ನಾನು ಹುಚ್ಚ."

ಮಜ್ಜಿಗೆ ಲೋಟ ನನ್ನ ಕೈಯಲ್ಲಿತ್ತು. ಕುಡಿದು ಮುಗಿಸಿದೆ. "ಧೈರ್ಯವಾಗಿರ್ರಿ" ಅಂದು ಎದ್ದು ಬಂದೆ.

ಸಾಹೇಬರು ಅದೇ ವರ್ಷ ನಿವೃತ್ತರಾದರು, ಆ ವಿವರಣೆಯ ಮೇಲೆ ಬಂದ ಎಚ್ಚರಿಕೆ ಪತ್ರದೊಂದಿಗೆ. ಇನ್ನೆರಡು ವರ್ಷಕ್ಕೆ ನನ್ನದೂ ಆಯಿತು. ಹಾರ ಹಾಕಿ, ಪೇಟ ಇಟ್ಟು, ಒಂದು ಕಪ್ಪು ಚುಕ್ಕೆ ಇಲ್ಲದ ಸೇವೆ ಅಂತ ಭಾಷಣ ಮಾಡಿದರು. ಸಾಹೇಬರು ತೀರಿಕೊಂಡ ಸುದ್ದಿ ಬಂದಾಗ ಹೋಗಿದ್ದೆ. ಅವತ್ತು ಫೋನ್ ಎತ್ತಿದ್ದ ಮಗಳೇ ಬಾಗಿಲಿಗೆ ಬಂದಳು. "ನೀವ ಏನ್ರಿ ಗಿರಿಜಮ್ನೋರು? ಅಪ್ಪಾಜಿ ನಿಮ್ಮನ್ನ ಭಾಳ ನೆನಸ್ತಿದ್ರು. ಕೆಲಸದಾಗ ಅಂಥಾಕಿ ಸಿಗೂದಿಲ್ಲ ಅಂತಿದ್ರು" ಅಂದಳು. ಅವಳ ಮುಂದೆಯೂ ಸುಮ್ಮನೆ ತಲೆ ತಗ್ಗಿಸಿ ನಿಂತು ಬಂದೆ.

ಅಂಚೆ ಕಚೇರಿಯ ಮೆಟ್ಟಿಲಿಂದ ಎದ್ದವಳು ಮನೆಗೆ ಹೋಗಲಿಲ್ಲ. ದಾವಣಗೆರೆ ಬಸ್ಸು ಹತ್ತಿದೆ, ಅಲ್ಲಿಂದ ಜಗಳೂರು ಬಸ್ಸು. ಕೊಟ್ರಪ್ಪನವರನ್ನು ಬಡ್ತಿ ತಡೆದು ಮತ್ತೆ ಕೆಲಸಕ್ಕೆ ತಗೊಂಡಿದ್ದರು, ಅವರೇ ಒಂದು ವರ್ಷ ಮಾಡಿ ಸ್ವಯಂ ನಿವೃತ್ತಿ ತಗೊಂಡರು ಅಂತ ಕೇಳಿದ್ದೆ. ತಾಲ್ಲೂಕು ಕಚೇರಿಯ ಹೊರಗೆ, ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು ಜನರಿಗೆ ಅರ್ಜಿ ಬರೆದುಕೊಡುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನ ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಕೂರುವ ಮುಂಚೆಯೇ ಹೇಳಿದೆ. "ಕೊಟ್ರಪ್ಪ, ಅವತ್ತು ಆ ಹೇಳಿಕೆ ಕಳಿಸಿದ್ದು ಸಾಹೇಬ್ರಲ್ಲ. ಅವರಿಗೆ ಗೊತ್ತೇ ಇರಲಿಲ್ಲ. ಲಕೋಟೆ ಒಡೆದದ್ದು ನಾನು."

ಅವರು ಪೆನ್ನಿನ ಮುಚ್ಚಳ ಹಾಕಿದರು. ಎದುರು ಸ್ಟೂಲಿನ ಮೇಲೆ ಕೂತಿದ್ದ ಹೆಂಗಸು ನಮ್ಮಿಬ್ಬರನ್ನೂ ನೋಡಿ ಸೆರಗು ಸರಿಮಾಡಿಕೊಂಡಳು. ಬೈಯಲಿ ಅಂತ ಕಾದೆ. ಬೈದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

"ಸಾಹೇಬ್ರು ಹೆಂಗದಾರೆ ಈಗ?" ಅಂತ ಕೇಳಿದರು.

"ಹೋಗಿ ಎರಡು ವರ್ಷ ಆಯ್ತು."

ಕೊಟ್ರಪ್ಪ ರಸ್ತೆಯ ಕಡೆ ತಿರುಗಿದರು. ಆಮೇಲೆ ಮೆತ್ತಗೆ ಅಂದರು. "ಅವ್ರು ಫೋನ್ ಮಾಡಿದ್ರು ಮೇಡಂ. ನಾ ಅಮಾನತ್ತಾದ ಮ್ಯಾಲೆ ಮೂರು ಸಲ ಮಾಡಿದ್ರು. ನಾ ಎತ್ತಲಿಲ್ಲ. ಕೊನೇ ಸಲ ನನ್ನ ದೊಡ್ಡ ಮಗಳು ಎತ್ತಿದ್ಲು. ಕುಡಿದು ಮಲಗ್ಯಾರೆ ಅಂತ ಹೇಳು ಅಂದೆ. ಅಂಥೋರ ಹತ್ರ ಮಾತಾಡಾಕೆ ನಂಗೆ ಮನಸಿರ್ಲಿಲ್ಲ."

ಮುಚ್ಚಿದ ಪೆನ್ನನ್ನು ಮೇಜಿನ ಮೇಲಿಟ್ಟರು.

"ಆ ಭಾನುವಾರ ನಮ್ಮನೇಗೆ ಬಂದಿದ್ರಲ್ಲ" ಅಂದರು. "ಅವತ್ತು ಒಂದು ಮಾತು ಅಂದಿದ್ರೆ ಸಾಕಿತ್ತು."

ಸ್ಟೂಲಿನ ಮೇಲಿದ್ದ ಹೆಂಗಸು, "ಅಣ್ಣಾರೆ, ನನ್ನ ಬಸ್ಸಿಗೆ ಹೊತ್ತಾಗ್ತೈತೆ" ಅಂದಳು. ಕೊಟ್ರಪ್ಪ ಪೆನ್ನಿನ ಮುಚ್ಚಳ ತೆಗೆದು, ಹಾಳೆ ಎಳೆದುಕೊಂಡು, "ಹೇಳಮ್ಮ, ಏನಾತು? ನಿಧಾನಕ್ಕೆ ಹೇಳು, ನೀ ಹೆಂಗೆ ಹೇಳ್ತೀಯೋ ಹಂಗೇ ಬರೀತೀನಿ" ಅಂದರು. ಅವಳು ಹೇಳತೊಡಗಿದಳು. ಕೊಟ್ರಪ್ಪ ನನ್ನನ್ನು ಹೋಗು ಅನ್ನಲಿಲ್ಲ, ಕೂರು ಅನ್ನಲೂ ಇಲ್ಲ. ಬಿಸಿಲು ಮರದ ನೆರಳನ್ನು ದಾಟಿ ನನ್ನ ಕಾಲಿಗೆ ಬರುವ ತನಕ ಅಲ್ಲೇ ನಿಂತಿದ್ದು, ಆಮೇಲೆ ಬಸ್ ನಿಲ್ದಾಣದ ಕಡೆ ನಡೆದೆ.